ಅಪ್ಪ ಗಲ್ಫಿನಲ್ಲಿ, ಮನೆ ಕಾಸರಗೋಡಿನಲ್ಲಿ, ಕಾಲೇಜು ಮಂಗಳೂರಿನಲ್ಲಿ: ಮಗಳ ಶುಲ್ಕ ಯಾವ ಲೆಕ್ಕದಲ್ಲಿ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರದ ಹಳ್ಳಿ. ಮನೆಮಾತು ಕನ್ನಡ. ನನ್ನ ತವರು ವಿಟ್ಲ. ಹತ್ತನೆಯ ತರಗತಿಯವರೆಗೆ ಅಲ್ಲೇ ಓದಿದವಳು ನಾನು. ಯಜಮಾನರು ಇದೇ ಊರಿನವರು, ಈಗ ಅಬುಧಾಬಿಯಲ್ಲಿ ಕೆಲಸದಲ್ಲಿದ್ದಾರೆ. ಮಗಳು ಹುಟ್ಟಿದ್ದು ಶಾರ್ಜಾದಲ್ಲಿ. ಅವಳಿಗೆ ಮೂರು ವರ್ಷವಾದಾಗ ನಾನು ಮಕ್ಕಳೊಂದಿಗೆ ಊರಿಗೆ ಬಂದುಬಿಟ್ಟೆ. ಇಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ಟು ವಿಜ್ಞಾನದಲ್ಲಿದ್ದಾಳೆ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಮಾಡಬೇಕೆಂಬ ಆಸೆ. ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಂದೆ ಗಲ್ಫಿನಲ್ಲಿರುವುದರಿಂದ ಎನ್‌ಆರ್‌ಐ ಶುಲ್ಕವನ್ನೇ ಕಟ್ಟಬೇಕು, ಬೇಗ ಮುಂಗಡ ಕೊಟ್ಟರೆ ಸೀಟು ಹಿಡಿದಿಡುತ್ತೇನೆ ಎಂದು ಒಬ್ಬ ಏಜೆಂಟ್ ದುಂಬಾಲು ಬಿದ್ದಿದ್ದಾನೆ. ನೆರೆಮನೆಯವರು, ಆಧಾರ್ ಕಾರ್ಡಿನ ವಿಳಾಸವನ್ನು ವಿಟ್ಲಕ್ಕೆ ಬದಲಾಯಿಸಿದರೆ ಕರ್ನಾಟಕದವಳಾಗುತ್ತಾಳೆ ಎನ್ನುತ್ತಾರೆ. ಮಗ ಹತ್ತನೆಯ ತರಗತಿ. ಅವನನ್ನಾದರೂ ಪಿಯುಸಿಗೆ ಮಂಗಳೂರಿಗೆ ಕಳಿಸಿದರೆ ಮುಂದೆ ಈ ತೊಂದರೆ ತಪ್ಪುತ್ತದೆಯೇ? ಇನ್ನೊಂದು ಮಾತು: ನನ್ನ ತಂಗಿಯ ಮಗ ಅಮೆರಿಕದಲ್ಲಿ ಹುಟ್ಟಿದವನು, ಈಗ ನಮ್ಮ ಜೊತೆಯಲ್ಲೇ ಇದ್ದಾನೆ. ಒಸಿಐ ಕಾರ್ಡ್ (ವಿದೇಶಿ ಪೌರತ್ವವಿರುವ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇರುವ ಅವನಿಗೆ ವಿದೇಶಿಯರ ಶುಲ್ಕವಂತೆ. ಹಾಗಾದರೆ ಶಾರ್ಜಾದಲ್ಲಿ ಹುಟ್ಟಿದ ನನ್ನ ಮಗಳಿಗೂ ಅದೇ ಗತಿಯೇ?

ಉತ್ತರ: ಮೊದಲು ಅವಸರದ ಮಾತು. ಏಜೆಂಟನಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ನಿಮ್ಮ ಮಗಳು ಎನ್‌ಆರ್‌ಐ ಶುಲ್ಕ ಕಟ್ಟಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಉಳಿದದ್ದನ್ನು ನಿಧಾನವಾಗಿ ನೋಡೋಣ, ಏಕೆಂದರೆ ನಿಮ್ಮ ಮನೆಯಲ್ಲಿ ನೀವು ಎಣಿಸಿದ್ದಕ್ಕಿಂತ ಹೆಚ್ಚು ದಾರಿಗಳಿವೆ.

ವಿಶ್ವವಿದ್ಯಾಲಯವೊಂದರ ಪ್ರವೇಶ ವಿಭಾಗದಲ್ಲಿ ದೀರ್ಘಕಾಲ ಕೆಲಸ ಮಾಡಿದ ನನಗೆ ಕಾಸರಗೋಡು ಕಡೆಯ ತಂದೆ ತಾಯಂದಿರಲ್ಲಿ ಪದೇ ಪದೇ ಕಂಡ ಗೊಂದಲ ಒಂದೇ. ಹುಟ್ಟಿದ ಸ್ಥಳ, ಪೌರತ್ವ, ವಾಸ, ಓದಿದ ಶಾಲೆ ಈ ನಾಲ್ಕನ್ನೂ ಒಂದೇ ಎಂದು ಭಾವಿಸಿ ಹೆದರುತ್ತಾರೆ. ಪ್ರವೇಶದ ನಿಯಮಗಳು ಈ ನಾಲ್ಕನ್ನೂ ಬೇರೆ ಬೇರೆಯಾಗಿಯೇ ಕೇಳುತ್ತವೆ. ಇನ್ನೂ ಮುಖ್ಯವಾದದ್ದು, ಶುಲ್ಕ ನಿಗದಿಯಾಗುವುದು ಸೀಟಿಗೆ, ವಿದ್ಯಾರ್ಥಿಗಲ್ಲ. ಮಂಗಳೂರಿನ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಒಂದೇ ಬೆಂಚಿನಲ್ಲಿ ಸಿಇಟಿ (ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ ಬಂದವಳು, ಕಾಮೆಡ್‌-ಕೆ (ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪರೀಕ್ಷೆ) ಮೂಲಕ ಬಂದವಳು, ಆಡಳಿತ ಮಂಡಳಿಯ ಸೀಟಿನವಳು ಒಟ್ಟಿಗೆ ಕೂತಿರುತ್ತಾರೆ. ಪಾಠ ಒಂದೇ, ಪ್ರಯೋಗಾಲಯ ಒಂದೇ, ಪದವಿ ಒಂದೇ. ಕಟ್ಟಿದ ಹಣ ಮಾತ್ರ ಮೂರು ಬಗೆ. ಆದ್ದರಿಂದ "ನನ್ನ ಮಗಳು ಯಾವ ರಾಜ್ಯದವಳು" ಎಂದು ಕೇಳುವ ಬದಲು "ಯಾವ ಯಾವ ಸೀಟುಗಳಿಗೆ ಅವಳು ಅರ್ಹಳು" ಎಂದು ಕೇಳಬೇಕು.

ರಾಜ್ಯಗಳು ಹೊರಗಿನವರಿಗೆ ಬೇರೆ ಶುಲ್ಕ ಹಾಕುವುದು ಸರಿಯೇ ಎಂದು ನಿಮಗೆ ಅನ್ನಿಸಿರಬಹುದು. ಸಂವಿಧಾನದ 15ನೆಯ ವಿಧಿ ಹುಟ್ಟಿದ ಸ್ಥಳದ ಆಧಾರದಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ. ವಾಸಸ್ಥಳದ ಮಾತು ಅಲ್ಲಿಲ್ಲ. ಇಂದೋರಿನ ವೈದ್ಯಕೀಯ ಕಾಲೇಜೊಂದು ಆಗಿನ ಮಧ್ಯಭಾರತ ರಾಜ್ಯದ ನಿವಾಸಿಗಳಲ್ಲದವರಿಂದ ಮಾತ್ರ ಹೆಚ್ಚುವರಿ ಶುಲ್ಕ ಪಡೆಯುತ್ತಿದ್ದುದನ್ನು ಡಿ.ಪಿ. ಜೋಶಿ ಎಂಬವರು ಪ್ರಶ್ನಿಸಿದಾಗ, 1955ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಎತ್ತಿಹಿಡಿಯಿತು. ರಾಜ್ಯದ ತೆರಿಗೆ ಹಣದಿಂದ ಕಾಲೇಜು ನಡೆಯುವಾಗ ಅದರ ರಿಯಾಯಿತಿಯನ್ನು ರಾಜ್ಯದ ನಿವಾಸಿಗಳಿಗೆ ಕಾದಿರಿಸಬಹುದು ಎಂಬುದು ಆ ತರ್ಕ. 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಭಾರತಕ್ಕೆಲ್ಲ ಒಂದೇ ಡೊಮಿಸೈಲ್ (ಕಾನೂನಿನ ದೃಷ್ಟಿಯ ಶಾಶ್ವತ ನೆಲೆ), ರಾಜ್ಯಕ್ಕೊಂದು ಡೊಮಿಸೈಲ್ ಎಂಬುದಿಲ್ಲ ಎಂದು ಸ್ಪಷ್ಟಪಡಿಸಿದರೂ, ಪದವಿ ಹಂತದಲ್ಲಿ ವಾಸ ಮತ್ತು ವ್ಯಾಸಂಗ ಆಧಾರಿತ ಆದ್ಯತೆಗೆ ಮಿತಿಯೊಳಗೆ ಅವಕಾಶ ಉಳಿಸಿತು. ಡೊಮಿಸೈಲ್ ಸರ್ಟಿಫಿಕೇಟ್ ಎಂದು ಕಚೇರಿಗಳಲ್ಲಿ ಕರೆಯುವುದು ಹೆಚ್ಚಿನ ವೇಳೆ ವಾಸದ ದೃಢೀಕರಣ ಪತ್ರವನ್ನೇ.

ಈಗ ಶಾರ್ಜಾದ ಭಯ. ತಂದೆ ತಾಯಿ ಇಬ್ಬರೂ ಭಾರತೀಯರಾಗಿದ್ದು ಮಗು ವಿದೇಶದಲ್ಲಿ ಹುಟ್ಟಿದರೆ ಅದು ವಂಶದಿಂದ ಭಾರತೀಯ ಪ್ರಜೆಯಾಗುತ್ತದೆ. 1955ರ ಪೌರತ್ವ ಕಾಯ್ದೆ ಹೇಳುವುದು ಹಾಗೆಯೇ. ಆದರೆ 2004ರ ಡಿಸೆಂಬರ್ 3ರ ನಂತರ ಹುಟ್ಟಿದ ಮಕ್ಕಳ ವಿಷಯದಲ್ಲಿ ಒಂದು ಷರತ್ತಿದೆ. ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ಜನನವನ್ನು ನೋಂದಾಯಿಸಿರಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಗಲ್ಫಿನಲ್ಲಿ ಹುಟ್ಟಿದ ಹೆಚ್ಚಿನ ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸುವಾಗಲೇ ಈ ಕೆಲಸ ಆಗಿಹೋಗಿರುತ್ತದೆ. ಮಗಳ ಮೊದಲ ಪಾಸ್‌ಪೋರ್ಟನ್ನೂ ಕಾನ್ಸುಲೇಟ್ ಕೊಟ್ಟ ಜನನ ನೋಂದಣಿ ಪತ್ರವನ್ನೂ ಹುಡುಕಿ ತೆಗೆದಿಡಿ. ಅವೆರಡು ಇದ್ದರೆ ಅವಳು ಭಾರತೀಯಳೇ. ಅವಳಿಗೆ ವಿದೇಶಿಯರ ಶುಲ್ಕದ ಪ್ರಶ್ನೆಯೇ ಬರುವುದಿಲ್ಲ.

ಅವಳು ಅನಿವಾಸಿಯೂ ಅಲ್ಲ. ಮೂರನೆಯ ವಯಸ್ಸಿನಿಂದ ಬದಿಯಡ್ಕದಲ್ಲಿ ಬೆಳೆದವಳು ನಿವಾಸಿ ಭಾರತೀಯಳು. ಅನಿವಾಸಿ ಎನಿಸಿಕೊಳ್ಳುವವರು ನಿಮ್ಮ ಯಜಮಾನರು ಮಾತ್ರ. ಎನ್‌ಆರ್‌ಐ ಸೀಟು ಎಂಬುದು ಅವರ ಅನಿವಾಸಿತನವನ್ನು ಬಳಸಿಕೊಂಡು ನೀವಾಗಿಯೇ ಕೇಳಿದರೆ ಸಿಗುವಂಥದ್ದು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಗರಿಷ್ಠ 15 ಶೇಕಡಾ ಸೀಟುಗಳನ್ನು ಹೀಗೆ ಹೆಚ್ಚಿನ ಶುಲ್ಕಕ್ಕೆ ಕೊಡಬಹುದೆಂದು 2005ರ ಇನಾಮ್‌ದಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ನಿಜವಾದ ಅನಿವಾಸಿಗಳ ಮಕ್ಕಳಿಗೆ ಅಥವಾ ಅವರ ಪೋಷಣೆಯಲ್ಲಿರುವವರಿಗೆ ಮಾತ್ರ ಸಲ್ಲಬೇಕೆಂಬ ಷರತ್ತನ್ನೂ ಹಾಕಿತು. ಈ ಸೌಲಭ್ಯವನ್ನು ದೂರದ ಸಂಬಂಧಿಕರಿಗೂ ವಿಸ್ತರಿಸಲು ಹೊರಟ ಪಂಜಾಬ್ ಸರ್ಕಾರದ ವಾದವನ್ನು 2024ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿತು. ನಿಮಗೆ ಆ ದಾರಿ ಸಕ್ರಮವಾಗಿಯೇ ತೆರೆದಿದೆ, ನಿಜ. ಆದರೂ ನಾನು ಅದನ್ನು ಕೊನೆಯ ಆಯ್ಕೆಯಾಗಿ ಇಡುತ್ತೇನೆ. ಮೊದಲ ವರ್ಷ ಆ ಸೀಟಿನಲ್ಲಿ ಕೂತವರು ನಾಲ್ಕೂ ವರ್ಷ ಅದೇ ಶುಲ್ಕಕ್ಕೆ ಬದ್ಧರಾಗಿರುತ್ತಾರೆ. ಗಲ್ಫಿನ ಕೆಲಸ ಯಾವಾಗ ಮುಗಿದೀತೆಂದು ಹೇಳಲಾಗದು. ಅಪ್ಪ ಕೆಲಸ ಕಳೆದುಕೊಂಡು ಊರಿಗೆ ಮರಳಿದ ಮೇಲೂ ಎರಡನೆಯ, ಮೂರನೆಯ ವರ್ಷದ ಎನ್‌ಆರ್‌ಐ ಶುಲ್ಕಕ್ಕಾಗಿ ತೋಟ ಅಡವಿಟ್ಟ ಕುಟುಂಬಗಳನ್ನು ನಾನು ಕಂಡಿದ್ದೇನೆ. ಶುಲ್ಕ ಇಳಿಸಿ ಎಂದು ಅವರು ಕೊಟ್ಟ ಅರ್ಜಿಗೆ ಕಚೇರಿಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಆಧಾರ್ ವಿಳಾಸದ ಸಲಹೆಯಂತೂ ನಿಷ್ಪ್ರಯೋಜಕ. ಆಧಾರ್ ಸಂಖ್ಯೆ ತಾನಾಗಿಯೇ ಪೌರತ್ವಕ್ಕಾಗಲಿ ಡೊಮಿಸೈಲ್‌ಗಾಗಲಿ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯ 9ನೆಯ ಕಲಮೇ ಹೇಳುತ್ತದೆ. ಕರ್ನಾಟಕದ ಸಿಇಟಿ ನಿಮ್ಮ ಮಗಳು ಎಲ್ಲಿ ಮಲಗುತ್ತಾಳೆ ಎಂದು ಕೇಳುವುದಕ್ಕಿಂತ ಹೆಚ್ಚಾಗಿ ಎಲ್ಲಿ ಓದಿದಳು ಎಂದು ಕೇಳುತ್ತದೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ, ಪ್ರತಿ ತರಗತಿಯ ವರ್ಷ, ಎಲ್ಲವನ್ನೂ ತಾಳೆ ನೋಡುತ್ತಾರೆ. ಓದದ ಶಾಲೆಯಿಂದ ಪತ್ರ ತರಿಸಿಕೊಡುತ್ತೇವೆ ಎನ್ನುವವರೂ ನಿಮ್ಮ ಬಳಿ ಬರಬಹುದು. ಸುಳ್ಳು ಪತ್ರ ಬಯಲಾದರೆ ಮೂರನೆಯ ವರ್ಷದಲ್ಲಿದ್ದರೂ ಪ್ರವೇಶ ರದ್ದಾಗುತ್ತದೆ, ಕ್ರಿಮಿನಲ್ ಮೊಕದ್ದಮೆಯೂ ಬರಬಹುದು. ಅದರಲ್ಲಿ ಸಿಕ್ಕಿಬೀಳುವುದು ಏಜೆಂಟನಲ್ಲ, ಅರ್ಜಿಗೆ ಸಹಿ ಹಾಕಿದ ಹುಡುಗಿ.

ಇಷ್ಟಕ್ಕೂ ನಿಮಗೆ ಸುಳ್ಳಿನ ಅಗತ್ಯವೇ ಇಲ್ಲ. ಸಾಮಾನ್ಯವಾಗಿ ಕರ್ನಾಟಕದ ಸರ್ಕಾರಿ ಕೋಟಾದ ಸೀಟಿಗೆ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯ ನಡುವೆ ಕನಿಷ್ಠ 7 ವರ್ಷ ಆ ರಾಜ್ಯದಲ್ಲಿ ಓದಿರಬೇಕು. ನಿಮ್ಮ ಮಗಳು ಅಲ್ಲಿ ಒಂದು ವರ್ಷವೂ ಓದಿಲ್ಲ. ಆದರೆ ಅದೇ ನಿಯಮಾವಳಿಯಲ್ಲಿ ಗಡಿನಾಡು ಕನ್ನಡಿಗರಿಗೆಂದೇ ಪ್ರತ್ಯೇಕ ಷರತ್ತು ಇದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳಲ್ಲಿ ಅಥವಾ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ನೆಲೆಸಿ ಅಲ್ಲಿನ ಸಂಸ್ಥೆಗಳಲ್ಲೇ ಓದಿದವರು ಅರ್ಹರು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಈ ನೆಲವನ್ನು ಕರ್ನಾಟಕ ಇನ್ನೂ ವಿವಾದಿತ ಪ್ರದೇಶವೆಂದೇ ಪರಿಗಣಿಸುತ್ತದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು ಗಡಿ ವಿವಾದಕ್ಕಾಗಿ ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತ್ತು, ಅದು ಜಾರಿಗೆ ಬರಲಿಲ್ಲ. ಆ ಹಳೆಯ ಜಗಳದಿಂದ ನಮ್ಮ ಮಕ್ಕಳ ಕೈಗೆ ದಕ್ಕಿದ ಪ್ರಯೋಜನಗಳಲ್ಲಿ ಈ ಷರತ್ತೂ ಒಂದು. ಇದನ್ನು ತಿಳಿಯದೆ ಪ್ರತಿವರ್ಷ ಎಷ್ಟೋ ಮಕ್ಕಳು ಆಡಳಿತ ಮಂಡಳಿಯ ಸೀಟಿಗೆ ದುಡ್ಡು ಸುರಿಯುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಇದಕ್ಕೆ ಮೂರು ಸಂಗತಿಗಳು ಬೇಕು. ನಿಮ್ಮ ತಾಲ್ಲೂಕಿನ ತಹಶೀಲ್ದಾರರಿಂದ ವಾಸದ ಪತ್ರ, ಮಾತೃಭಾಷೆ ಕನ್ನಡವೆಂಬ ನಿಗದಿತ ನಮೂನೆಯ ಪ್ರಮಾಣಪತ್ರ, ಮತ್ತು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆ. ಕನ್ನಡ ಮಾಧ್ಯಮದಲ್ಲಿ ಓದಿದ ನಿಮ್ಮ ಮಗಳಿಗೆ ಆ ಪರೀಕ್ಷೆ ಕಷ್ಟವೇ ಅಲ್ಲ. ಅದನ್ನು ಬರೆಯಲು ಮರೆತವರು ಮಾತ್ರ ಕಷ್ಟಕ್ಕೆ ಬೀಳುತ್ತಾರೆ: ಅರ್ಜಿಯಲ್ಲಿ ಗಡಿನಾಡು ಷರತ್ತನ್ನು ಆಯ್ಕೆ ಮಾಡಿ, ಸಿಇಟಿ ಚೆನ್ನಾಗಿ ಬರೆದು, ಭಾಷಾ ಪರೀಕ್ಷೆಯ ದಿನ ಮನೆಯಲ್ಲಿ ಕೂತು, ಕೊನೆಗೆ ಹೊರ ರಾಜ್ಯದವರೆಂದು ಪಟ್ಟಿಗೆ ಸೇರಿದವರಿದ್ದಾರೆ. ಇದು ಅರ್ಹತೆಯ ಬಾಗಿಲು ಮಾತ್ರ, ಸೀಟಿನ ಖಾತರಿಯಲ್ಲ ಎಂಬುದನ್ನೂ ನೆನಪಿಡಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಹನ್ನೆರಡನೆಯ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ಪ್ಲಸ್ ಟು ಅಂಕಗಳನ್ನು ಕಡೆಗಣಿಸುವಂತಿಲ್ಲ. ಮೀಸಲಾತಿಯ ಲೆಕ್ಕವೂ ರಾಜ್ಯಕ್ಕೆ ರಾಜ್ಯಕ್ಕೆ ಬೇರೆ. ಕೇರಳದ ಜಾತಿ ಪ್ರಮಾಣಪತ್ರದ ಮೇಲೆ ಕರ್ನಾಟಕದಲ್ಲಿ ಮೀಸಲು ಸೀಟು ಸಿಗುತ್ತದೆಂದು ಎಣಿಸಬೇಡಿ.

ಕೇರಳದ ಬಾಗಿಲನ್ನು ಮುಚ್ಚಿಕೊಳ್ಳಬೇಡಿ ಎಂಬುದು ನನ್ನ ಒತ್ತಾಯ. ಮಂಗಳೂರು ಎಂದಾಕ್ಷಣ ನಮ್ಮವರು ಕೀಮ್ ಎಂಬ ಕೇರಳದ ಪ್ರವೇಶ ಪರೀಕ್ಷೆಯ ಅರ್ಜಿಯನ್ನೇ ಹಾಕುವುದಿಲ್ಲ. ಪೊವ್ವಲಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು ನಿಮ್ಮ ಮನೆಗೆ ಮಂಗಳೂರಿಗಿಂತ ಬಹಳ ಹತ್ತಿರ. ಅಲ್ಲಿ ಮೆರಿಟ್ ಸೀಟು ಸಿಕ್ಕಿದರೆ ಹಾಸ್ಟೆಲ್ ಖರ್ಚೂ ಉಳಿಯುತ್ತದೆ. ಕೀಮ್‌ನಲ್ಲಿ ಕೇರಳದವರು, ಕೇರಳೇತರರು ಎಂಬ ವಿಂಗಡಣೆ ಇದೆ. ಸಮುದಾಯ ಮೀಸಲಾತಿ, ಶುಲ್ಕ ವಿನಾಯಿತಿಗಳು ಕೇರಳದವರೆಂದು ಸಾಬೀತಾದವರಿಗೆ ಮಾತ್ರ. ನಿಮ್ಮ ಮನೆಯಲ್ಲಿ ಒಂದು ತೊಡಕು ಬರುವುದು ಇಲ್ಲಿಯೇ. ಸಾಮಾನ್ಯವಾಗಿ ಮಕ್ಕಳು ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹುಟ್ಟಿದ ಸ್ಥಳ ಕೇರಳ ಎಂದಿರುವುದನ್ನೇ ನೇಟಿವಿಟಿಗೆ (ಕೇರಳ ಮೂಲದವರೆಂಬುದಕ್ಕೆ) ತೋರಿಸಿಬಿಡುತ್ತಾರೆ. ನಿಮ್ಮ ಮಗಳ ಪುಸ್ತಕದಲ್ಲಿ ಶಾರ್ಜಾ ಎಂದಿರುತ್ತದೆ, ನಿಮ್ಮದರಲ್ಲಿ ವಿಟ್ಲ. ಹಾಗಾಗಿ ಆಧಾರವಾಗುವುದು ತಂದೆಯ ಜನ್ಮಸ್ಥಳ. ಯಜಮಾನರು ಕೇರಳದಲ್ಲಿ ಹುಟ್ಟಿದವರೆಂಬ ದಾಖಲೆ ಇಟ್ಟುಕೊಂಡು ವಿಲೇಜ್ ಆಫೀಸಿನಿಂದ ನೇಟಿವಿಟಿ ಪತ್ರ ಪಡೆಯಿರಿ. ಅಕ್ಷಯ ಎಂಬ ಸರ್ಕಾರಿ ಸೇವಾ ಕೇಂದ್ರದಲ್ಲೇ ಅರ್ಜಿ ಹಾಕಬಹುದು.

ಮಗಳು ಎನ್‌ಐಟಿಗಳ (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳ) ಪ್ರವೇಶಕ್ಕಾಗಿ ಜೆಇಇ ಮೇನ್ ಬರೆಯುವುದಾದರೆ ಇನ್ನೊಂದು ಲೆಕ್ಕ. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟು ಆಯಾ ರಾಜ್ಯದವರಿಗೆ. ಅಲ್ಲಿ ನಿಮ್ಮ ರಾಜ್ಯ ಯಾವುದೆಂದು ತೀರ್ಮಾನವಾಗುವುದು ಹನ್ನೆರಡನೆಯ ತರಗತಿಯನ್ನು ಯಾವ ರಾಜ್ಯದಲ್ಲಿ ಪಾಸು ಮಾಡಿದಿರಿ ಎಂಬುದರಿಂದ. ಭಾಷೆ, ಜನ್ಮ, ರೇಷನ್ ಕಾರ್ಡ್ ಯಾವುದೂ ಲೆಕ್ಕಕ್ಕಿಲ್ಲ. ಮನೆಯಿಂದ ಸುರತ್ಕಲಿನ ಎನ್‌ಐಟಿ ಹತ್ತಿರವಾದರೂ ನಿಮ್ಮ ಮಗಳ ತವರು ಎನ್‌ಐಟಿ ಕಲ್ಲಿಕೋಟೆಯದು. ಸುರತ್ಕಲಿನಲ್ಲಿ ಅವಳು ಹೊರ ರಾಜ್ಯದ ಪಾಲಿನ ಸೀಟಿಗೆ ಸ್ಪರ್ಧಿಸಬೇಕು. ಇದು ರ‍್ಯಾಂಕಿನ ವ್ಯತ್ಯಾಸವೇ ಹೊರತು ಶುಲ್ಕದ್ದಲ್ಲ. ಬೋಧನಾ ಶುಲ್ಕ ಎಲ್ಲ ಭಾರತೀಯರಿಗೂ ಒಂದೇ, ಕೆಲವು ವರ್ಷಗಳಿಂದ ವರ್ಷಕ್ಕೆ 1.25 ಲಕ್ಷ ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಪೂರ್ತಿ ಮನ್ನಾ, 1ರಿಂದ 5 ಲಕ್ಷದ ನಡುವೆ ಇದ್ದರೆ ಮೂರರಲ್ಲಿ ಎರಡು ಪಾಲು ಮನ್ನಾ.

ಎನ್‌ಐಟಿಗಳಲ್ಲಿ ವಿದೇಶದಲ್ಲಿರುವವರಿಗಾಗಿ ದಾಸಾ ಎಂಬ ಯೋಜನೆಯೂ ಇದೆ. ಅದರಲ್ಲಿ ಶುಲ್ಕ ಡಾಲರುಗಳಲ್ಲಿ, ಸೆಮಿಸ್ಟರಿಗೆ 4,000ದಂತೆ. ಆದರೆ ಗಲ್ಫ್ ದೇಶಗಳಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಅದರೊಳಗೇ ಒಂದು ಪಾಲನ್ನು ತೆಗೆದಿಟ್ಟು, ಬೋಧನಾ ಶುಲ್ಕವನ್ನು ನಿವಾಸಿ ಭಾರತೀಯರಷ್ಟೇ ಇರಿಸಿದ್ದಾರೆ. ಗಲ್ಫ್ ಕೆಲಸಗಾರರೆಲ್ಲ ಶ್ರೀಮಂತರಲ್ಲ ಎಂದು ಅರಿತು ಮಾಡಿದ ಏರ್ಪಾಡು ಇದು, ಮತ್ತು ನ್ಯಾಯವಾದದ್ದು. ಜೆಇಇ ರ‍್ಯಾಂಕ್ ಬೇಕು. ಮಗು ಎಲ್ಲಿ ಓದಿರಬೇಕು, ತಂದೆಯ ಉದ್ಯೋಗಕ್ಕೆ ಯಾವ ದಾಖಲೆ ಸಲ್ಲಬೇಕು ಎಂಬ ಷರತ್ತುಗಳನ್ನು ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಓದಿಯೇ ಅರ್ಜಿ ಹಾಕಿ. ಗಲ್ಫಿನಲ್ಲಿ ತಂದೆ ಇದ್ದಾರೆ ಎಂದಾಕ್ಷಣ ಎಲ್ಲ ಕಡೆಯೂ ಹೆಚ್ಚು ಶುಲ್ಕ ಎಂಬ ಮಾತು ಎಷ್ಟು ಪೊಳ್ಳೆಂದು ಇದರಿಂದಲೇ ತಿಳಿಯುತ್ತದೆ.

ಮಂಗಳೂರಿನ ಡೀಮ್ಡ್ ವಿಶ್ವವಿದ್ಯಾಲಯಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿ ಕೇರಳ, ಕರ್ನಾಟಕ ಎಂಬ ಭೇದ ಶುಲ್ಕಕ್ಕೆ ಹೆಚ್ಚಾಗಿ ಅಡ್ಡಬರುವುದಿಲ್ಲ, ಮೊತ್ತ ಮಾತ್ರ ಭಾರಿ. ಕಾಮೆಡ್‌-ಕೆ ಪರೀಕ್ಷೆಯೂ ದೇಶದ ಎಲ್ಲರಿಗೆ ತೆರೆದದ್ದು. ಸಿಇಟಿ ಸೀಟಿಗಿಂತ ದುಬಾರಿ. ಸಿಇಟಿ ಕೈಕೊಟ್ಟರೆ ಇರಲಿ ಎಂದು ಬರೆದಿಟ್ಟುಕೊಳ್ಳಬಹುದು.

ಮಗನ ವಿಷಯದಲ್ಲಿ ನಿಮ್ಮ ತವರು ವಿಟ್ಲವೆಂಬುದು ದೊಡ್ಡ ಆಸ್ತಿ. ಪ್ರಥಮ ಮತ್ತು ದ್ವಿತೀಯ ಪಿಯುಸಿಯನ್ನು ಕರ್ನಾಟಕದಲ್ಲೇ ಓದಿ, ತಂದೆ ತಾಯಿಯರಲ್ಲಿ ಒಬ್ಬರು ಆ ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ಅಂಥವನು ಸಿಇಟಿಯಲ್ಲಿ ಕರ್ನಾಟಕದ ಅಭ್ಯರ್ಥಿಯಾಗುತ್ತಾನೆ. ಅಂದರೆ ನಿಮ್ಮ ಹಳೆಯ ಶಾಲೆಯ ದಾಖಲೆ ಮಗನಿಗೆ ಅರ್ಹತೆ ತಂದುಕೊಡುತ್ತದೆ. ಸುರತ್ಕಲ್ ಎನ್‌ಐಟಿಯಲ್ಲಿಯೂ ಅವನು ತವರು ರಾಜ್ಯದವನಾಗುತ್ತಾನೆ. ತಂದೆ ಕೇರಳ ಮೂಲದವರಾದ್ದರಿಂದ ಕೀಮ್‌ನಲ್ಲಿ ಕೇರಳದವನೆಂಬ ಸ್ಥಾನವೂ ಕೈತಪ್ಪುವುದಿಲ್ಲ.

ಹಾಗೆಂದು ಅವನನ್ನು ಮಂಗಳೂರಿಗೆ ಕಳಿಸಿ ಎಂದು ನಾನು ಹೇಳುವುದಿಲ್ಲ. ಊರಿನಲ್ಲೇ ಪ್ಲಸ್ ಟು ಓದಿದರೆ ಅಕ್ಕನಂತೆ ಅವನಿಗೂ ಗಡಿನಾಡು ಷರತ್ತು ಇದ್ದೇ ಇದೆ. ಮಂಗಳೂರಿನಲ್ಲಿ ಪಿಯು ಓದಿದರೆ ಆ ಷರತ್ತನ್ನು ನೆಚ್ಚಿಕೊಳ್ಳುವಂತಿಲ್ಲ, ಆಗ ಎಲ್ಲ ಭಾರವೂ ನಿಮ್ಮ ವ್ಯಾಸಂಗ ಪತ್ರದ ಮೇಲೆ. ಖಾಸಗಿ ಪಿಯು ಕಾಲೇಜು, ಹಾಸ್ಟೆಲ್, ತರಬೇತಿ ಎಂದು ಎರಡು ವರ್ಷಕ್ಕೆ ಸುರಿಯುವ ಹಣ ಮುಂದೆ ಉಳಿಸಲು ಹೊರಟ ಶುಲ್ಕವನ್ನೇ ನುಂಗಿಬಿಡಬಹುದು. ಹುಡುಗನಿಗೆ ಸುರತ್ಕಲಿನ ಗುರಿ ಗಟ್ಟಿಯಾಗಿದ್ದು, ಜೆಇಇಗೆ ದುಡಿಯುವ ಮನಸ್ಸಿದ್ದರೆ ಕಳಿಸಿ. ಕೇವಲ ಶುಲ್ಕದ ಭಯಕ್ಕಾಗಿ ಹದಿನಾರು ವರ್ಷದ ಹುಡುಗನನ್ನು ಮನೆ ಬಿಡಿಸಬೇಡಿ.

ತಂಗಿಯ ಮಗನ ಸ್ಥಿತಿ ಬೇರೆ. ಅಮೆರಿಕ ತನ್ನ ನೆಲದಲ್ಲಿ ಹುಟ್ಟಿದವರಿಗೆ ಪೌರತ್ವ ಕೊಡುತ್ತದೆ, ಸಂಯುಕ್ತ ಅರಬ್ ಸಂಸ್ಥಾನ ಕೊಡುವುದಿಲ್ಲ. ಅದಕ್ಕಾಗಿಯೇ ಅವನು ಒಸಿಐ, ನಿಮ್ಮ ಮಗಳು ಭಾರತೀಯಳು. 2021ರ ಮಾರ್ಚ್ 4ರ ಕೇಂದ್ರ ಗೃಹ ಸಚಿವಾಲಯದ ಅಧಿಸೂಚನೆಯ ಪ್ರಕಾರ ಒಸಿಐ ಕಾರ್ಡ್‌ದಾರರು ನೀಟ್, ಜೆಇಇ ಬರೆಯಬಹುದು, ಆದರೆ ಎನ್‌ಆರ್‌ಐ ಅಥವಾ ಹೆಚ್ಚುವರಿ ಸೀಟುಗಳಿಗೆ ಮಾತ್ರ ಅರ್ಹರು. ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಆ ದಿನಾಂಕಕ್ಕೆ ಮೊದಲು ಕಾರ್ಡ್ ಪಡೆದವರಿಗೆ ಈ ನಿರ್ಬಂಧ ತಟ್ಟದು ಎಂದಿತು. ಆದ್ದರಿಂದ ಅವನ ಕಾರ್ಡ್ ಯಾವ ದಿನ ಕೊಟ್ಟದ್ದು ಎಂದು ಮೊದಲು ನೋಡಿ. 2021ರ ಮಾರ್ಚಿಗೆ ಮೊದಲಿನದಾದರೆ ವಿದೇಶಿ ಶುಲ್ಕ ಎಂದವರಿಗೆ ಆ ತೀರ್ಪನ್ನು ತೋರಿಸಬಹುದು. ರಾಜ್ಯದ ಸೀಟಿಗೆ ಬೇಕಾದ ವ್ಯಾಸಂಗದ ಷರತ್ತು ಆಗಲೂ ಉಳಿದೇ ಇರುತ್ತದೆ. ನಂತರದ್ದಾದರೆ ಎನ್‌ಆರ್‌ಐ ಶುಲ್ಕಕ್ಕೆ ಮನೆಯವರು ಈಗಲೇ ಸಿದ್ಧರಾಗಬೇಕು.

ಕಾಗದಪತ್ರಗಳ ಕೆಲಸವನ್ನು ಈ ತಿಂಗಳಲ್ಲೇ ಶುರುಮಾಡಿ. ಮೊದಲು ಹೆಸರುಗಳನ್ನು ತಾಳೆ ನೋಡಿ. ನಮ್ಮ ಕಡೆಯವರ ಕಡತಗಳು ನಿಂತುಹೋಗುವುದು ಬಹುಪಾಲು ಇಲ್ಲಿಯೇ: ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿನೊಂದಿಗೆ ಮನೆತನದ ಹೆಸರು, ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಬರಿಯ ಇನಿಶಿಯಲ್, ರೇಷನ್ ಕಾರ್ಡಿನಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಬಂದ ಇನ್ನೊಂದೇ ಕಾಗುಣಿತ. ಮೂರರಲ್ಲೂ ಇರುವವರು ಒಬ್ಬರೇ ಎಂಬ ಪತ್ರವನ್ನು ವಿಲೇಜ್ ಆಫೀಸಿನಿಂದ ಮಾಡಿಸಿಕೊಳ್ಳಿ. ಕರ್ನಾಟಕಕ್ಕೆ ಸಲ್ಲಿಸುವ ಪತ್ರಗಳನ್ನು ಮಲಯಾಳದಲ್ಲಿ ಪಡೆಯಬೇಡಿ, ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಕೇಳಿ ಪಡೆಯಿರಿ. ವಿಟ್ಲದ ಶಾಲೆಗೆ ಒಮ್ಮೆ ಹೋಗಿ ನಿಮ್ಮ ವ್ಯಾಸಂಗ ಪ್ರಮಾಣಪತ್ರ ತೆಗೆಸಿ, ಶಿಕ್ಷಣಾಧಿಕಾರಿಯ ಮೇಲುಸಹಿಯನ್ನೂ ಹಾಕಿಸಿ. ಮಗ ಎಲ್ಲಿ ಓದಿದರೂ ಅದು ಕೈಯಲ್ಲಿರಲಿ. ಸಿಇಟಿಗೆ ಅರ್ಜಿ ಕರೆಯುವುದು ಸಾಮಾನ್ಯವಾಗಿ ಜನವರಿಯ ಆಸುಪಾಸಿನಲ್ಲಿ. ಅರ್ಜಿ ತುಂಬುವಾಗ ಗಡಿನಾಡು ಕನ್ನಡಿಗ ಎಂಬ ಷರತ್ತನ್ನು ಮಗಳೇ ಓದಿ ಗುರುತು ಹಾಕಲಿ, ಸೈಬರ್ ಅಂಗಡಿಯವರಿಗೆ ಬಿಡಬೇಡಿ. ಭಾಷಾ ಪರೀಕ್ಷೆಯ ದಿನಾಂಕ ಮತ್ತು ಕೇಂದ್ರವನ್ನು ಪ್ರಾಧಿಕಾರ ಬೇರೆಯಾಗಿ ಪ್ರಕಟಿಸುತ್ತದೆ; ಅದಕ್ಕಾಗಿ ಮಾರ್ಚಿನಿಂದಲೇ ಅವರ ಜಾಲತಾಣವನ್ನು ವಾರಕ್ಕೊಮ್ಮೆಯಾದರೂ ನೋಡುತ್ತಿರಿ.